ಒರಗಿ ಕೂತು ತುಳಿಯುವ ಮೂರು ಚಕ್ರ: ಪುಣೆಯಲ್ಲಿ ಟ್ರೈಕ್ ಓಡಿಸುವುದು, ನೋಡಿಕೊಳ್ಳುವುದು

ಟ್ರೈಕ್ ಕೊಳ್ಳುವ ಮೊದಲು ಅಳತೆ ಟೇಪು ಹಿಡಿದು ನಿಮ್ಮ ಸೊಸೈಟಿಯ ಲಿಫ್ಟಿನ ಬಾಗಿಲಿಗೆ ಹೋಗಿ. ಹೆಚ್ಚಿನ ಟ್ರೈಕ್‌ಗಳ ಅಗಲ 70ರಿಂದ 85 ಸೆಂಟಿಮೀಟರ್. ಉದ್ದ ಸುಮಾರು ಎರಡು ಮೀಟರ್. ತೂಕ 15ರಿಂದ 20 ಕಿಲೋ. ಕೋಥ್ರೂಡಿನ ನಮ್ಮ ಹಳೆಯ ಕಟ್ಟಡದ ಲಿಫ್ಟಿನಲ್ಲಿ ಇದು ಹಿಡಿಸುವುದಿಲ್ಲ. ಮೆಟ್ಟಿಲ ಕೆಳಗಿನ ಜಾಗಕ್ಕಾಗಿ ಕಮಿಟಿಯವರನ್ನು ಕೇಳಿಕೊಂಡೆ, ಕೊಟ್ಟರು. ಇಡಲು ಜಾಗ ಗೊತ್ತಾದ ಮೇಲೆಯೇ ದುಡ್ಡು ಕೊಡಿ. ಸ್ಕೂಟರ್ ಸಾಲಿನಲ್ಲಿ ನಿಲ್ಲಿಸುತ್ತೇನೆ ಅಂದುಕೊಂಡರೆ ತೊಂದರೆ. ಇದಕ್ಕೆ ಸ್ಟ್ಯಾಂಡ್ ಇಲ್ಲ, ಎತ್ತರವೂ ಇಲ್ಲ. ರಿವರ್ಸ್ ತೆಗೆಯುವ ಕಾರಿನವರಿಗೆ ಕಾಣುವುದೇ ಇಲ್ಲ.

ನಾನು ಧಾರವಾಡದಲ್ಲಿ ಓದುವಾಗಿನಿಂದ ಸೈಕಲ್ ತುಳಿದವಳು. ಕೆಲವು ವರ್ಷಗಳ ಹಿಂದೆ ಒಳಕಿವಿಯ ತೊಂದರೆಯಿಂದ ತಲೆಸುತ್ತು ಶುರುವಾಯಿತು. ಎರಡು ಚಕ್ರದ ಮೇಲೆ ಸಮತೋಲನ ಸಿಗುತ್ತಿರಲಿಲ್ಲ. ಸೈಕಲ್ ಬಿಟ್ಟು ಎಂಟು ತಿಂಗಳು ಸುಮ್ನೆ ಕೂತೆ. ಆಮೇಲೆ ಯಾರೋ ಬಳಸಿದ ಒಂದು ಟ್ರೈಕ್ ಸಿಕ್ಕಿತು. ಕುರ್ಚಿಯಲ್ಲಿ ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಗಾಡಿ ಇದು. ಬೀಳುವ ಭಯವಿಲ್ಲ. ಎಷ್ಟು ನಿಧಾನ ಬೇಕೋ ಅಷ್ಟು ನಿಧಾನ ಹೋಗಬಹುದು.

ಇದರ ಮುಕ್ಕಾಲು ಭಾಗ ಮಾಮೂಲಿ ಸೈಕಲ್ಲೇ. ಬ್ರೇಕು, ಗೇರು, ಪೆಡಲ್, ಟೈರು ಎಲ್ಲವನ್ನೂ ನಮ್ಮ ಗಲ್ಲಿಯ ಸೈಕಲ್ ಅಂಗಡಿಯವರು ನೋಡಬಲ್ಲರು. ಆದರೆ ಉಳಿದ ಕಾಲು ಭಾಗ ಅವರು ಯಾವತ್ತೂ ಮುಟ್ಟಿರುವುದಿಲ್ಲ. ಆ ಕಾಲು ಭಾಗವನ್ನು ನೀವೇ ಕಲಿಯಬೇಕು. ಈ ಲೇಖನ ಹೆಚ್ಚಾಗಿ ಅದರ ಬಗ್ಗೆಯೇ.

ಅಂಗಡಿಯವರಿಗೆ ಇದು ಹೊಸದಾಗಿರುವುದಕ್ಕೆ ಕಾರಣ ಹಳೆಯದು. 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬ ಫ್ರೆಂಚ್ ಸವಾರ ಪ್ಯಾರಿಸ್ಸಿನಲ್ಲಿ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದ. ಅವನು ಕೂತಿದ್ದು ಶಾರ್ಲ್ ಮೋಶೆ ಕಟ್ಟಿದ, ಒರಗಿ ತುಳಿಯುವ ಎರಡು ಚಕ್ರದ ಸೈಕಲ್ ಮೇಲೆ. ಮರುವರ್ಷ, 1934ರಲ್ಲಿ, ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟ ಇಂಥ ಸೈಕಲ್‌ಗಳನ್ನು ತನ್ನ ಸ್ಪರ್ಧೆಗಳಿಂದ ಹೊರಗಿಟ್ಟಿತು. ರೇಸಿನಲ್ಲಿ ಇಲ್ಲದ್ದನ್ನು ದೊಡ್ಡ ಕಂಪನಿಗಳು ಮಾಡಲಿಲ್ಲ, ಅಂಗಡಿಗಳು ಮಾರಲಿಲ್ಲ. ಇವತ್ತಿಗೂ ಇವನ್ನು ಕಟ್ಟುವವರು ಸಣ್ಣ ಕಂಪನಿಗಳೇ. ಇಂಗ್ಲೆಂಡಿನ ಐಸ್, ಅಮೆರಿಕದ ಕ್ಯಾಟ್ರೈಕ್ ಮತ್ತು ಟೆರ್ರಾಟ್ರೈಕ್, ಜರ್ಮನಿಯ ಎಚ್‌ಪಿ ವೆಲೊಟೆಕ್ನಿಕ್, ಹೀಗೆ. ಹೊರಗಿನಿಂದ ತರಿಸುವುದಾದರೆ ಸಾಗಾಣಿಕೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ.

ಯಾವ ಬಗೆ, ಏನು ನೋಡಿ ಕೊಳ್ಳಬೇಕು

ಎರಡು ಬಗೆ ಇವೆ. ಮುಂದೆ ಒಂದು, ಹಿಂದೆ ಎರಡು ಚಕ್ರ ಇದ್ದರೆ ಡೆಲ್ಟಾ. ಇದರಲ್ಲಿ ಸೀಟು ಸ್ವಲ್ಪ ಎತ್ತರ, ಹತ್ತಿ ಇಳಿಯುವುದು ಸುಲಭ. ಮುಂದೆ ಎರಡು, ಹಿಂದೆ ಒಂದು ಇದ್ದರೆ ಟ್ಯಾಡ್‌ಪೋಲ್, ಅಂದರೆ ಗೊದಮೊಟ್ಟೆ. ಮೇಲಿನಿಂದ ನೋಡಿದರೆ ಆಕಾರವೂ ಹಾಗೇ ಇದೆ. ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಇದು. ನನ್ನದು ಟ್ಯಾಡ್‌ಪೋಲ್. ಮುಂದೆ ಹೇಳುವುದೆಲ್ಲ ಇದರದ್ದೇ. ಮೊಣಕಾಲು ತುಂಬಾ ನೋಯುವವರು ಮಾತ್ರ ಎರಡರಲ್ಲೂ ಕೂತು, ಎದ್ದು ನೋಡಿ ನಿರ್ಧರಿಸಿ. ಟ್ಯಾಡ್‌ಪೋಲಿನ ಸೀಟು ನೆಲಕ್ಕೆ ಬಹಳ ಹತ್ತಿರ.

ಹಳೆಯ ಗಾಡಿ ಕೊಳ್ಳುವಾಗ ಮುಂದಿನ ಒಂದೊಂದೇ ಚಕ್ರದ ಮೇಲ್ತುದಿ ಹಿಡಿದು ಒಳಕ್ಕೆ, ಹೊರಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಅಥವಾ ಸ್ಟಿಯರಿಂಗಿನ ಕೀಲು ಸಡಿಲ ಅಂತ ಅರ್ಥ. ಮುಂದಿನ ಎರಡು ಚಕ್ರ ಹೊರುವ ಅಡ್ಡ ಪೈಪು ನಡುವಿನ ಪೈಪಿಗೆ ಸೇರುವ ಬೆಸುಗೆಯನ್ನು ಟಾರ್ಚ್ ಬಿಟ್ಟು ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ ಅನ್ನಿ. ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ಮೈಗೆ ಹೊಂದಿಸುವುದು

ಪೆಡಲ್ ಇರುವ ಮುಂದಿನ ಪೈಪಿಗೆ ಬೂಮ್ ಅನ್ನುತ್ತಾರೆ. ಅದು ಮುಖ್ಯ ಪೈಪಿನ ಒಳಗೆ ಜಾರುತ್ತದೆ. ಸೀಟಿನಲ್ಲಿ ಹಿಂದಕ್ಕೆ ಪೂರ್ತಿ ಒತ್ತಿ ಕೂತುಕೊಳ್ಳಿ. ಒಂದು ಪೆಡಲನ್ನು ಅತಿ ದೂರದ ಜಾಗಕ್ಕೆ ತಿರುಗಿಸಿ. ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾಗಬೇಕು, ಆದರೆ ಸೊಂಟ ಸೀಟಿನಿಂದ ಕದಲಬಾರದು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಅಷ್ಟೇ ಬೇಕಾದದ್ದು. ಬೂಮ್ ಹತ್ತಿರವಾದರೆ ಮೊಣಕಾಲಿನ ಮುಂದೆ ನೋವು. ದೂರವಾದರೆ ಮೊಣಕಾಲಿನ ಹಿಂದೆ ಸೆಳೆತ.

ಬೂಮ್ ಬಿಗಿ ಮಾಡುವ ಮೊದಲು ಗಾಡಿಯ ಮುಂದೆ ನಿಂತು ನೋಡಿ. ಪೆಡಲಿನ ಅಚ್ಚು ನೆಲಕ್ಕೆ ಸಮನಾಗಿರಬೇಕು. ಓರೆಯಾಗಿದ್ದರೆ ಒಂದು ವಾರದಲ್ಲಿ ಒಂದೇ ಕಾಲು ನೋಯುತ್ತದೆ. ಇನ್ನೊಂದು ಮಾತು. ಬೂಮ್ 1 ಸೆಂಟಿಮೀಟರ್ ಮುಂದೆ ಹೋದರೆ ಚೈನು 2 ಸೆಂಟಿಮೀಟರ್ ಜಾಸ್ತಿ ಬೇಕು. ಯಾಕೆಂದರೆ ಚೈನು ಮೇಲೊಂದು ಸಾಲು, ಕೆಳಗೊಂದು ಸಾಲು ಓಡುತ್ತದೆ. ಸಣ್ಣ ಬದಲಾವಣೆಯನ್ನು ಹಿಂದಿನ ಡಿರೇಲರ್, ಅಂದರೆ ಗೇರು ಬದಲಿಸಿ ಚೈನನ್ನು ಬಿಗಿಯಾಗಿಡುವ ಭಾಗ, ತಡೆದುಕೊಳ್ಳುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಸರಿಸಿದರೆ ಕೊಂಡಿ ಸೇರಿಸಲೇಬೇಕು.

ಸೀಟನ್ನು ಜಾಸ್ತಿ ಮಲಗಿಸಬೇಡಿ. ನೋಡಲು ಚೆಂದ, ಆದರೆ ಟ್ರಾಫಿಕ್ಕಿನಲ್ಲಿ ಕತ್ತು ಎತ್ತಿ ಎತ್ತಿ ಸೋತುಹೋಗುತ್ತದೆ. ಊರೊಳಗೆ ಸೀಟು ಎದ್ದಿದ್ದಷ್ಟೂ ಒಳ್ಳೆಯದು.

ಮೊದಲ ವಾರ

ಹತ್ತುವಾಗ ಮೊದಲು ಪಾರ್ಕಿಂಗ್ ಬ್ರೇಕ್ ಹಾಕಿ. ಹಲವು ಟ್ರೈಕ್‌ಗಳಲ್ಲಿ ಬ್ರೇಕ್ ಹಿಡಿಯಲ್ಲೇ ಒಂದು ಗುಂಡಿ ಇರುತ್ತದೆ. ಇಲ್ಲದಿದ್ದರೆ ಹಿಡಿಗೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ. ಬೂಮ್‌ನ ಆಚೀಚೆ ಒಂದೊಂದು ಕಾಲಿಟ್ಟು, ಸೀಟಿಗೆ ಬೆನ್ನು ಮಾಡಿ ನಿಂತು, ನಿಧಾನ ಕೂತುಕೊಳ್ಳಿ. ಹ್ಯಾಂಡಲ್ ಮೇಲೆ ಭಾರ ಹಾಕಬೇಡಿ, ಅದು ಬಾಗುತ್ತದೆ. ಏಳುವಾಗ ಪಾದಗಳನ್ನು ಸೀಟಿನ ಹತ್ತಿರಕ್ಕೆ ಎಳೆದುಕೊಂಡು, ತೊಡೆಯ ಮೇಲೆ ಕೈ ಊರಿ ಎದ್ದೇಳಿ.

ಈಗ ಈ ಲೇಖನದ ಅತಿ ಮುಖ್ಯ ಎಚ್ಚರಿಕೆ. ಓಡುತ್ತಿರುವಾಗ ಪಾದ ಪೆಡಲಿನಿಂದ ಜಾರಿ ನೆಲಕ್ಕೆ ಬಿದ್ದರೆ ಗಾಡಿ ಮುಂದೆ ಸಾಗಿ, ಅಡ್ಡ ಪೈಪು ಕಾಲನ್ನು ಹಿಂದಕ್ಕೆ ಎಳೆದು ಕೆಳಗೆ ಸೇರಿಸಿಕೊಳ್ಳುತ್ತದೆ. ಪಾದ ಮುರಿಯಬಹುದು. ಎರಡು ಚಕ್ರದ ಸೈಕಲ್ಲಿನಲ್ಲಿ ಕಾಲು ಊರಿ ನಿಲ್ಲುವ ಅಭ್ಯಾಸ ನಮಗೆಲ್ಲ ಇದೆ. ಟ್ರೈಕಿನಲ್ಲಿ ಅದೇ ಅಭ್ಯಾಸ ಅಪಾಯ. ಹಾಗಾಗಿ ಮೊದಲ ದಿನದಿಂದಲೇ ಪಾದವನ್ನು ಪೆಡಲಿಗೆ ಹಿಡಿಸಿಡಿ. ಕ್ಲಿಪ್ ಆಗುವ ಶೂ ಇದ್ದರೆ ಸರಿ. ಇಲ್ಲವಾದರೆ ಹಿಮ್ಮಡಿ ಹಿಡಿಯುವ ಪಟ್ಟಿ ಇರುವ ಪೆಡಲ್ ಹಾಕಿಸಿ. ಚಪ್ಪಲಿಯಲ್ಲಿ ಯಾವತ್ತೂ ಬೇಡ. ಮನೆಯ ಮುಂದೆ ಒಂದೇ ಸುತ್ತು ಅಂದರೂ ಬೇಡ.

ಬ್ರೇಕು ಮುಂದಿನ ಎರಡು ಚಕ್ರಕ್ಕೆ ಇರುತ್ತದೆ. ಸಾಮಾನ್ಯವಾಗಿ ಎಡಗೈ ಎಡ ಚಕ್ರಕ್ಕೆ, ಬಲಗೈ ಬಲ ಚಕ್ರಕ್ಕೆ. ಒಂದೇ ಹಿಡಿದರೆ ಗಾಡಿ ಆ ಕಡೆ ಎಳೆಯುತ್ತದೆ. ಖಾಲಿ ಜಾಗದಲ್ಲಿ ಹದಿನೈದು ಇಪ್ಪತ್ತು ಸಲ ಎರಡನ್ನೂ ಸಮನಾಗಿ ಒತ್ತಿ ನಿಲ್ಲಿಸುವುದನ್ನು ಕಲಿಯಿರಿ. ಜೋರಾಗಿ ಒತ್ತಿದರೆ ಹಿಂದಿನ ಚಕ್ರ ಎದ್ದೇಳುತ್ತದೆ. ತಿರುವಿನಲ್ಲಿ ಮೈಯನ್ನು ತಿರುವಿನ ಒಳಗಡೆ ವಾಲಿಸಿ. ವೇಗದಲ್ಲಿ ಸುಮ್ನೆ ಕೂತು ತಿರುಗಿಸಿದರೆ ಒಳಗಿನ ಚಕ್ರ ನೆಲ ಬಿಡುತ್ತದೆ. ಮೂರು ಚಕ್ರ ಇದ್ದ ಮಾತ್ರಕ್ಕೆ ಮಗುಚುವುದಿಲ್ಲ ಅಂತೇನಿಲ್ಲ.

ತುಳಿಯುವುದು ಹಗುರ ಗೇರಿನಲ್ಲಿ, ಬೇಗ ಬೇಗ. ನಿಮಿಷಕ್ಕೆ 70–80 ಸುತ್ತು ಇರಲಿ. ಇಲ್ಲಿ ಎದ್ದು ನಿಂತು ತುಳಿಯಲು ಆಗುವುದಿಲ್ಲ. ಭಾರದ ಗೇರಿನಲ್ಲಿ ಒತ್ತಿದರೆ ಬೆನ್ನು ಸೀಟಿಗೆ ಒತ್ತಿ, ಅಷ್ಟೂ ಭಾರ ಮೊಣಕಾಲಿಗೆ ಬೀಳುತ್ತದೆ. ಎಷ್ಟೇ ವರ್ಷ ಸೈಕಲ್ ತುಳಿದವರಾದರೂ ಇದಕ್ಕೆ ಬೇಕಾದ ಸ್ನಾಯುಗಳು ಬೇರೆ. ಒಂದು ತಿಂಗಳು ತೊಡೆ ನೋಯುತ್ತದೆ, ಆಮೇಲೆ ಹೋಗುತ್ತದೆ. ಬೆರಳು ಜೋಮು ಹಿಡಿದರೆ ಶೂ ಲೇಸ್ ಸಡಿಲ ಮಾಡಿ, ಪಾದವನ್ನು ಪೆಡಲಿನ ಮೇಲೆ ಸ್ವಲ್ಪ ಮುಂದಕ್ಕೆ ಇಡಿ.

ಪುಣೆಯ ರಸ್ತೆಯಲ್ಲಿ

ನಿಮ್ಮ ಕಣ್ಣು ಕಾರಿನ ಬಾನೆಟ್ಟಿನ ಎತ್ತರದಲ್ಲಿ ಇರುತ್ತದೆ. ಹಾಗಾಗಿ ಸೀಟಿನ ಹಿಂದೆ ಆಳೆತ್ತರದ ಕೋಲು ಕಟ್ಟಿ, ಅದರ ತುದಿಗೆ ಬಾವುಟ ಹಾಕಿ. ಬಾವುಟ ಗಾಳಿಗೆ ಆಡಬೇಕು. ಆಡುವುದಕ್ಕೇ ಕಣ್ಣು ಹೋಗುವುದು. ಹಿಂದಿನ ದೀಪವನ್ನು ಚಕ್ರದ ಹತ್ತಿರ ಅಲ್ಲ, ಸೀಟಿನ ಮೇಲ್ತುದಿಗೆ ಹಾಕಿ, ಹಗಲಲ್ಲೂ ಉರಿಸಿ. ಕನ್ನಡಿ ಎರಡೂ ಕಡೆ ಬೇಕು. ಒರಗಿ ಕೂತಾಗ ಹಿಂದೆ ತಿರುಗಿ ನೋಡಲು ಆಗುವುದಿಲ್ಲ. ನಮ್ಮ ಊರಲ್ಲಿ ಸ್ಕೂಟರಿನವರು ಎಡದಿಂದಲೂ ನುಗ್ಗುತ್ತಾರೆ, ಅಲ್ವಾ? ಎಡ ಕನ್ನಡಿ ಅದಕ್ಕೇ.

ಗುಂಡಿಗಳ ಲೆಕ್ಕ ಇಲ್ಲಿ ಬೇರೆ. ಸೈಕಲ್ ಒಂದು ಗೆರೆಯಲ್ಲಿ ಹೋಗುತ್ತದೆ. ಟ್ರೈಕ್ ಮೂರು ಗೆರೆ ಎಳೆಯುತ್ತದೆ. ಗುಂಡಿಯನ್ನು ಮುಂದಿನ ಎರಡು ಚಕ್ರಗಳ ನಡುವೆ ಬಿಟ್ಟೆ, ತಪ್ಪಿಸಿಕೊಂಡೆ ಅಂದುಕೊಳ್ಳುವಷ್ಟರಲ್ಲಿ ಹಿಂದಿನ ಚಕ್ರ ಸರಿಯಾಗಿ ಅದರಲ್ಲೇ ಬೀಳುತ್ತದೆ. ಹಿಂದಿನ ಚಕ್ರಕ್ಕೂ ಮುಂದಿನ ಒಂದೊಂದು ಚಕ್ರಕ್ಕೂ ನಡುವೆ ಸುಮಾರು ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ ಜಾಗ ಇರುತ್ತದೆ. ಸಣ್ಣ ಗುಂಡಿಯನ್ನು ಆ ಜಾಗದಲ್ಲಿ ದಾಟಿಸಬೇಕು. ಎರಡು ವಾರದಲ್ಲಿ ಕೈಗೆ ತಾನಾಗಿ ಬರುತ್ತದೆ. ಎತ್ತರದ ಸ್ಪೀಡ್ ಬ್ರೇಕರ್ ಬಂದರೆ ನೇರವಾಗಿ, ನಡಿಗೆಯ ವೇಗದಲ್ಲಿ ಹತ್ತಿಸಿ. ಹೊಟ್ಟೆಯ ಪೈಪು ತಾಗುವ ಹಾಗಿದ್ದರೆ ಇಳಿದು ತಳ್ಳಿ.

ಶುರುವಿಗೆ ನಾನು ಹೇಳುವುದು ಪಾಷಾಣ್ ಬಡಾವಣೆಯಿಂದ ಸೂಸ್ ಕಡೆಯ ರಸ್ತೆ ಅಥವಾ ಶಿವಣೆ, ಉತ್ತಮನಗರ ದಾಟಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕಡೆ ಹೋಗುವ ರಸ್ತೆ. ಬೆಳಗ್ಗೆ ಆರಕ್ಕೆ ಹೊರಡಿ, ಎಂಟೂವರೆಗೆ ಮನೆ ಸೇರಿ. ಸಿಂಹಗಡ ರಸ್ತೆಯಲ್ಲಿ ಖಡಕ್‌ವಾಸಲಾ ಕೆರೆಯವರೆಗೆ ಹೋಗುವುದು ಬಲು ಚೆಂದ, ಆದರೆ ವಾರದ ನಡುವೆ ಮಾತ್ರ. ಭಾನುವಾರ ಕೋಟೆಗೆ, ಅಣೆಕಟ್ಟಿಗೆ ಹೋಗುವವರ ಜನಜಂಗುಳಿ. ಕಾತ್ರಜ್ ಮತ್ತು ದಿವೆ ಘಾಟುಗಳನ್ನು ಆರು ತಿಂಗಳು ಬಿಡಿ. ಹತ್ತುವುದು ಕಷ್ಟವಲ್ಲ, ಹಗುರ ಗೇರಿನಲ್ಲಿ ನಡಿಗೆಗಿಂತ ನಿಧಾನವಾಗಿಯಾದರೂ ಹತ್ತಬಹುದು. ಇಳಿಜಾರಿನಲ್ಲಿ ಬ್ರೇಕು ಹಿಡಿದೇ ಇದ್ದರೆ ಕಾಯುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಒತ್ತಿ ವೇಗ ಇಳಿಸಿ, ಬಿಟ್ಟು ತಣಿಯಲು ಬಿಟ್ಟು, ಮತ್ತೆ ಒತ್ತಬೇಕು.

ನಾಯಿ ಅಟ್ಟಿಸಿಕೊಂಡು ಬಂದರೆ ನಿಲ್ಲಿಸಿಬಿಡಿ. ನಿಂತರೂ ಬೀಳುವುದಿಲ್ಲ ಅನ್ನುವುದೇ ಇಲ್ಲಿ ಅನುಕೂಲ. ತುಳಿಯುವ ಕಾಲು ನಿಂತರೆ ಹೆಚ್ಚಿನ ನಾಯಿಗಳು ಸುಮ್ಮನಾಗುತ್ತವೆ. ಫರ್ಗ್ಯುಸನ್ ರಸ್ತೆಯ ವೈಶಾಲಿಯಲ್ಲಿ ಇಡ್ಲಿಗೆ ನಿಲ್ಲಿಸುವಾಗ ಪಾರ್ಕಿಂಗ್ ಬ್ರೇಕು ಹಾಕಿ, ಬೀಗವನ್ನು ಹಿಂದಿನ ಚಕ್ರ ಮತ್ತು ಫ್ರೇಮು ಎರಡರಲ್ಲೂ ತೂರಿಸಿ ಹಾಕುತ್ತೇನೆ. ಮಕ್ಕಳು ಕೂರುತ್ತೇವೆ ಅನ್ನುತ್ತಾರೆ. ಕೂರಿಸಿ. ಬ್ರೇಕು ಮಾತ್ರ ಬಿಡಬೇಡಿ.

ಮುಂದಿನ ಚಕ್ರಗಳ ಅಲೈನ್‌ಮೆಂಟ್

ಅಂಗಡಿಯವರಿಗೆ ಗೊತ್ತಿಲ್ಲದ ಕಾಲು ಭಾಗ ಅಂದೆನಲ್ಲ, ಅದರ ಮೂಲ ಇಲ್ಲಿದೆ. ಮುಂದಿನ ಎರಡು ಚಕ್ರ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು, ಅಥವಾ ಮುಂದೆ ಒಂದೆರಡು ಮಿಲಿಮೀಟರ್ ಒಳಕ್ಕೆ ನೋಡುತ್ತಿರಬೇಕು. ನನ್ನ ಗಾಡಿ ಬಂದ ಹೊಸದರಲ್ಲಿ ಬೇರಿಂಗ್ ಬದಲಿಸಲು ಒಂದು ಕಡೆ ಕೊಟ್ಟಿದ್ದೆ. ಸ್ಟಿಯರಿಂಗಿನ ರಾಡು ಬಿಚ್ಚಿ, ಕಣ್ಣಂದಾಜಿನಲ್ಲಿ ಮತ್ತೆ ಹಾಕಿ ಕೊಟ್ಟರು. ಗಾಡಿ ಭಾರ ಅನ್ನಿಸುತ್ತಿತ್ತು. ನನ್ನ ಕಾಲೇ ಸೋತಿದೆ ಅಂದುಕೊಂಡೆ. 600 ಕಿಲೋಮೀಟರ್ ಆಗುವಷ್ಟರಲ್ಲಿ ಎರಡೂ ಟೈರು ಸವೆದು ಒಳಗಿನ ನೂಲು ಕಂಡಿತು.

ಆಮೇಲೆ ಲೆಕ್ಕ ಹಾಕಿ ನೋಡಿದೆ. 20 ಇಂಚಿನ ಚಕ್ರದ ರಿಮ್ಮಿನ ವ್ಯಾಸ ಸುಮಾರು 42 ಸೆಂಟಿಮೀಟರ್. ಎರಡು ರಿಮ್ಮುಗಳ ನಡುವಿನ ಅಂತರದಲ್ಲಿ ಮುಂದಕ್ಕೂ ಹಿಂದಕ್ಕೂ 5 ಮಿಲಿಮೀಟರ್ ವ್ಯತ್ಯಾಸ ಇದ್ದರೆ, ಒಂದು ಕಿಲೋಮೀಟರಿಗೆ ಎರಡು ಟೈರು ಸೇರಿ ಸುಮಾರು 12 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತವೆ. ಟೈರು ಉಳಿಯುವುದು ಹೇಗೆ?

ಅಳೆಯುವುದು ಹೀಗೆ. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ. ಎರಡೂ ಟೈರಿಗೆ ಒಂದೇ ಗಾಳಿ ಇರಲಿ. ಹ್ಯಾಂಡಲ್ ನೇರ ಮಾಡಿ, ಕದಲದಂತೆ ದಾರದಿಂದ ಕಟ್ಟಿ. ಮನೆಯವರನ್ನು ಸೀಟಿನಲ್ಲಿ ಕೂರಿಸಿ, ಭಾರ ಬಿದ್ದಾಗ ಅಳತೆ ಸ್ವಲ್ಪ ಬದಲಾಗುತ್ತದೆ. ಎರಡೂ ರಿಮ್ಮಿನ ಒಳ ಅಂಚಿನಲ್ಲಿ, ಮುಂಭಾಗದಲ್ಲಿ, ಅಚ್ಚಿನ ಎತ್ತರಕ್ಕೆ ಸೀಮೆಸುಣ್ಣದಿಂದ ಒಂದೊಂದು ಗುರುತು ಹಾಕಿ. ಎರಡು ತೆಳ್ಳನೆಯ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಅದನ್ನು ಉದ್ದ ಮಾಡಿ ಗುರುತಿನಿಂದ ಗುರುತಿಗೆ ಮುಟ್ಟಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಈಗ ಗಾಡಿಯನ್ನು ಮುಂದಕ್ಕೆ ತಳ್ಳಿ, ಚಕ್ರ ಅರ್ಧ ಸುತ್ತು ತಿರುಗಿ ಅದೇ ಗುರುತು ಹಿಂಭಾಗಕ್ಕೆ ಬರಲಿ. ಅದೇ ಕಡ್ಡಿಯಿಂದ ಅಲ್ಲಿ ಅಳೆಯಿರಿ. ಒಂದೇ ಗುರುತನ್ನು ಎರಡು ಕಡೆ ಅಳೆಯುವುದರಿಂದ ರಿಮ್ಮು ಸ್ವಲ್ಪ ಸೊಟ್ಟ ಇದ್ದರೂ ಲೆಕ್ಕ ಕೆಡುವುದಿಲ್ಲ.

ಎರಡೂ ಅಳತೆ ಒಂದೇ ಬಂದರೆ, ಅಥವಾ ಮುಂದಿನದು ಹಿಂದಿನದಕ್ಕಿಂತ 1–2 ಮಿಲಿಮೀಟರ್ ಕಡಿಮೆ ಬಂದರೆ ಮುಟ್ಟಬೇಡಿ. ಇಲ್ಲವಾದರೆ ರಾಡಿನ ಎರಡು ತುದಿಯ ಲಾಕ್ ನಟ್ಟು ಸಡಿಲಿಸಿ, ರಾಡನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಅಳೆಯಿರಿ. ನಿಮ್ಮ ಗಾಡಿಗೆ ಎರಡು ರಾಡು ಇದ್ದರೆ ಎರಡನ್ನೂ ಅಷ್ಟಷ್ಟೇ ತಿರುಗಿಸಬೇಕು. ಕೊನೆಗೆ ನಟ್ಟು ಬಿಗಿ ಮಾಡಿ ಇನ್ನೊಮ್ಮೆ ಅಳೆಯಿರಿ. ಬಿಗಿಯುವಾಗಲೂ ಸರಿಯುತ್ತದೆ. ಮೊದಲ ಸಲ ನನಗೆ ಎರಡು ಗಂಟೆ ಹಿಡಿಯಿತು. ಈಗ ಇಪ್ಪತ್ತು ನಿಮಿಷ. ದೊಡ್ಡ ಗುಂಡಿಗೆ ಬಿದ್ದಾಗ, ರಾಡು ಬಿಚ್ಚಿದಾಗ, ಇಲ್ಲವೇ ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಚಕ್ರದ ಕಡ್ಡಿಗಳನ್ನೂ, ಅಂದರೆ ಸ್ಪೋಕುಗಳನ್ನೂ, ನೋಡಿ. ಎರಡು ಚಕ್ರದ ಸೈಕಲ್ ತಿರುವಿನಲ್ಲಿ ವಾಲುತ್ತದೆ. ಟ್ರೈಕಿನ ಚಕ್ರ ವಾಲುವುದಿಲ್ಲ, ಹಾಗಾಗಿ ತಿರುವಿನ ಅಡ್ಡ ಒತ್ತಡ ಪೂರಾ ಕಡ್ಡಿಗಳ ಮೇಲೆ. ತಿಂಗಳಿಗೊಮ್ಮೆ ತಂಬೂರಿ ಮೀಟಿದ ಹಾಗೆ ಒಂದೊಂದನ್ನೇ ಮೀಟಿ. ಒಂದೇ ಬದಿಯ ಕಡ್ಡಿಗಳು ಹೆಚ್ಚು ಕಡಿಮೆ ಒಂದೇ ಸ್ವರ ಕೊಡಬೇಕು. ಮಂಕಾಗಿ ನುಡಿದದ್ದು ಸಡಿಲ. ಇದನ್ನು ಬಿಗಿಯುವುದು ಗಲ್ಲಿಯ ಅಂಗಡಿಯವರಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಚೈನು

ಸಾಮಾನ್ಯ ಸೈಕಲ್ಲಿನ ಸುಮಾರು ಮೂರು ಚೈನು ಜೋಡಿಸಿದರೆ ಒಂದು ಟ್ರೈಕ್ ಚೈನು. ಉದ್ದ ಜಾಸ್ತಿಯಾದ್ದರಿಂದ ಒಂದೊಂದು ಕೊಂಡಿ ಹಲ್ಲಿನ ಮೇಲೆ ಬರುವ ಸರದಿ ಕಡಿಮೆ, ಸವೆತವೂ ನಿಧಾನ. ಆದರೆ ಅದು ನೆಲಕ್ಕೆ ಹತ್ತಿರ ಓಡುತ್ತದೆ. ಮೆಟ್ರೋ, ಕಟ್ಟಡ, ರಸ್ತೆ ಕೆಲಸದ ಧೂಳೆಲ್ಲ ಅದಕ್ಕೇ.

ಪ್ರತಿ ಸಲ ಬಿಚ್ಚಿ ತೊಳೆಯುವ ಅಗತ್ಯವಿಲ್ಲ. ಹಳೆಯ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು, ಇನ್ನೊಂದು ಕೈಯಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿ. ಬಟ್ಟೆ ಕಪ್ಪಾಗುವುದು ನಿಂತ ಮೇಲೆ ಕೊಂಡಿಗೊಂದು ಹನಿ ಎಣ್ಣೆ. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆ ಒರೆಸಿ. ಎಣ್ಣೆ ಕೊಂಡಿಯ ಒಳಗೆ ಇರಬೇಕು, ಹೊರಗಿದ್ದರೆ ಧೂಳು ಹಿಡಿಯುತ್ತದೆ. ಚೈನು ಹಾದುಹೋಗುವ ಪ್ಲಾಸ್ಟಿಕ್ ಕೊಳವೆಗಳ ಒಳಗೆ ಮಣ್ಣು ಸೇರಿ ಉಜ್ಜುತ್ತದೆ. ಮೂರು ತಿಂಗಳಿಗೊಮ್ಮೆ ಚೈನು ಬಿಚ್ಚಿ, ದಾರಕ್ಕೆ ಬಟ್ಟೆ ಕಟ್ಟಿ ಕೊಳವೆಯಲ್ಲಿ ಎಳೆಯಿರಿ. ಬಿಚ್ಚುವ ಮೊದಲು ಚೈನು ಎಲ್ಲೆಲ್ಲಿ ಹಾದಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಸೀಟಿನ ಕೆಳಗೆ ಚೈನನ್ನು ಹೊರುವ ಗಾಲಿಗೆ ಐಡ್ಲರ್ ಅನ್ನುತ್ತಾರೆ. ಅದು ಕೈಯಲ್ಲಿ ಸಲೀಸಾಗಿ ತಿರುಗಬೇಕು. ಗರಗರ ಅಂದರೆ ಒಳಗಿನ ಬೇರಿಂಗ್ ಬದಲಿಸಿ. ಅದರ ಮೇಲೆ ನಂಬರ್ ಇರುತ್ತದೆ, ಬೇರಿಂಗ್ ಅಂಗಡಿಯಲ್ಲಿ ಅದೇ ನಂಬರ್ ಕೇಳಿ.

ಸವೆತ ನೋಡಲು ಸ್ಕೇಲು ಸಾಕು. ಒಂದು ಪಿನ್ನಿನಿಂದ ಶುರುಮಾಡಿ ಮುಂದಿನ 24ನೇ ಪಿನ್ನಿಗೆ ಹೊಸ ಚೈನು ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್. 307 ಮುಟ್ಟಿದರೆ ಬದಲಿಸಿ. ಇನ್ನೂ ತಡ ಮಾಡಿದರೆ ಹಿಂದಿನ ಗೇರಿನ ಹಲ್ಲುಗಳನ್ನೂ ತಿನ್ನುತ್ತದೆ.

ಪಂಕ್ಚರ್

ಮುಂದಿನ ಚಕ್ರಗಳ ಅಚ್ಚು ಒಂದೇ ಕಡೆ ಹಿಡಿದಿರುತ್ತದೆ, ಕಾರಿನ ಹಾಗೆ. ಅದರಿಂದ ಚಕ್ರ ಬಿಚ್ಚದೆಯೇ ಪಂಕ್ಚರ್ ಹಾಕಬಹುದು. ಅಡ್ಡ ಪೈಪಿನ ಕೆಳಗೆ ಇಟ್ಟಿಗೆ ಕೊಟ್ಟು ಎತ್ತಿ, ಟೈರಿನ ಹೊರಬದಿಯ ಅಂಚು ಕಳಚಿ, ಟ್ಯೂಬು ಹೊರಗೆ ಎಳೆಯಿರಿ. ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು ಹುಡುಕುವುದನ್ನು ಮರೆಯಬೇಡಿ. ನಮ್ಮ ಮೂಲೆಯ ಪಂಕ್ಚರ್ ಅಂಗಡಿಯ ಹುಡುಗ ಇಂಡಿ ಕಡೆಯವನು. ಮೊದಲ ದಿನ ನೋಡಿ, "ಅಕ್ಕಾರ, ಗಾಲಿ ಬಿಚ್ಚೂದ ಬ್ಯಾಡಲ್ರಿ ಇದಕ್ಕ, ಭಾಳ ಚಲೋ ಐತ್ರಿ" ಅಂದ. ಹಿಂದಿನ ಚಕ್ರ ಮಾತ್ರ ಬಿಚ್ಚಬೇಕು. ಚೈನನ್ನು ಅತಿ ಸಣ್ಣ ಹಲ್ಲಿಗೆ ತಂದು, ಸೀಟಿನ ಹಿಂದೆ ಫ್ರೇಮಿನ ಕೆಳಗೆ ಒಂದು ಸ್ಟೂಲು ಕೊಟ್ಟರೆ ಸುಲಭ.

ಟೈರಿನ ಬದಿಯಲ್ಲಿ 406 ಅಂತ ಇದೆಯೇ ನೋಡಿ. ಇದ್ದರೆ ಮಕ್ಕಳ 20 ಇಂಚಿನ ಸೈಕಲ್ಲಿನ, ಅಂದರೆ 20 ಗುಣಿಸು 1.75 ಎಂದು ಬರೆದಿರುವ ಟ್ಯೂಬು ಹೊಂದುತ್ತದೆ, ಯಾವ ಊರಲ್ಲಾದರೂ ಸಿಗುತ್ತದೆ. 451 ಅಂತ ಇದ್ದರೆ ಅದೂ 20 ಇಂಚೇ, ಆದರೆ ಬೇರೆ ಅಳತೆ. ಅದರ ಟ್ಯೂಬು, ಟೈರು ಹುಡುಕಿ ಇಟ್ಟುಕೊಳ್ಳಬೇಕು. ಗಾಳಿ ಎಷ್ಟು ಅಂತ ಟೈರಿನ ಮೇಲೆಯೇ ಬರೆದಿರುತ್ತದೆ. ಮುಂದಿನ ಎರಡಕ್ಕೂ ಸಮ ಇರಲಿ, ಇಲ್ಲವಾದರೆ ಗಾಡಿ ಒಂದು ಕಡೆ ಎಳೆಯುತ್ತದೆ.

ಮಳೆಗಾಲ

ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾನು ಕಡಿಮೆ ಓಡಿಸುತ್ತೇನೆ. ನೀರು ತುಂಬಿದ ಗುಂಡಿಯ ಆಳ ಸೀಟಿನ ಎತ್ತರದಿಂದ ಗೊತ್ತಾಗುವುದಿಲ್ಲ. ಮುಂದಿನ ಚಕ್ರಗಳು ರಾಡಿಯನ್ನು ನೇರ ತೋಳಿನ ಮೇಲೆ ಎಸೆಯುತ್ತವೆ, ಮಡ್‌ಗಾರ್ಡ್ ಇಲ್ಲದೆ ಹೊರಡಬೇಡಿ. ನೆನೆದು ಬಂದ ದಿನ ಎಷ್ಟೇ ಸುಸ್ತಾಗಿದ್ದರೂ ಚೈನು ಒರೆಸಿ ಎಣ್ಣೆ ಹಾಕಿಯೇ ಮಲಗಿ. ಒಂದು ರಾತ್ರಿಯಲ್ಲೇ ತುಕ್ಕು ಹಿಡಿಯುತ್ತದೆ. ಸೀಟಿನ ಬಲೆ ಬಟ್ಟೆಯನ್ನು ಬಿಚ್ಚಿ ಫ್ಯಾನಿನ ಕೆಳಗೆ ಹಾಕಿ.

ಮಳೆ ನಿಂತ ಮೇಲೆ, ದಸರೆಯ ಹೊತ್ತಿಗೆ, ಗಾಡಿಗೆ ಒಂದು ಪೂರ್ತಿ ದಿನ ಕೊಡಿ. ಬೂಮ್ ಹೊರಗೆ ಎಳೆದು, ಒಳಗಿನ ಕೆಸರು ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ. ಎಳೆಯುವ ಮೊದಲು ಎಲ್ಲಿತ್ತು ಅಂತ ಟೇಪಿನಿಂದ ಗುರುತು ಹಾಕಿ. ಬ್ರೇಕಿನ ಕೇಬಲ್ ಒಳಗೆ ನೀರು ಹೋಗಿ ಬಿಗಿಯಾಗಿದ್ದರೆ ಹೊಸದು ಹಾಕಿಸಿ. ಎಡಕ್ಕೆ ಹಾಕಿದರೆ ಬಲಕ್ಕೂ ಹಾಕಿಸಿ, ಎರಡೂ ಒಂದೇ ಹದದಲ್ಲಿ ಎಳೆಯಬೇಕಲ್ಲ. ಅಲೈನ್‌ಮೆಂಟ್ ಅಳೆಯಿರಿ. ಪ್ರತಿ ಬೋಲ್ಟಿಗೂ ಅಲೆನ್ ಕೀ ತಾಗಿಸಿ. ಮರುದಿನ 10 ಕಿಲೋಮೀಟರ್ ಓಡಿಸಿ ಬಂದು, ಅವೇ ಬೋಲ್ಟುಗಳನ್ನು ಇನ್ನೊಂದು ಸಲ ಬಿಗಿದು ನೋಡಿ.